ಪಿಕಪ್ ಗಾಡಿಯ ಮೂತಿ ಎತ್ತಿಸುವ ಮುನ್ನ ಆಕ್ಸಲ್ಲಿನ ಚಿಂತೆ ಇರಲಿ

ತೋಟಕ್ಕೆ ಗೊಬ್ಬರ ಒಯ್ಯಲು, ಫಸಲನ್ನು ಪೇಟೆಗೆ ಮುಟ್ಟಿಸಲು ಒಂದು ಕಾಲಕ್ಕೆ ಎತ್ತಿನ ಗಾಡಿಯೇ ಗತಿಯಾಗಿತ್ತು. ಈಗ ಗಡಿನಾಡಿನ ನಮ್ಮ ಹಳ್ಳಿಗಳಲ್ಲಿಯೂ ಆ ಕೆಲಸವನ್ನು ಜೀಪು ಮತ್ತು ಪಿಕಪ್ಪುಗಳು ವಹಿಸಿಕೊಂಡಿವೆ. ಕಾಸರಗೋಡಿನ ಅಡಿಕೆ ತೋಟಗಳಿಗೆ ಏರುವ ಗುಡ್ಡದ ದಾರಿ, ವಯನಾಡಿನ ಕಾಫಿ ತೋಟಗಳ ಕೆಸರು ದಾರಿ, ತಾಳವಾಡಿ ಕಡೆಯ ಕಲ್ಲು ದಾರಿ, ಇಂಥಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹರಿಯತಕ್ಕ ಗಾಡಿಯಿದ್ದರೆ ಅನುಕೂಲವೇ ಸರಿ.

ಇಂಥ ಗಾಡಿ ಕೊಂಡವರಲ್ಲಿ ಕೆಲವರಿಗೆ ಒಂದು ಆಸೆ ಹುಟ್ಟುವುದುಂಟು. ಗಾಡಿಯ ಮುಂಭಾಗವು ಹಿಂಭಾಗಕ್ಕಿಂತ ತುಸು ತಗ್ಗಾಗಿ ಕಾಣುತ್ತದೆ. ಅದನ್ನು ಎತ್ತರಿಸಿ ಸಮ ಮಾಡಿಸಿದರೆ ನೋಟಕ್ಕೂ ಚೆನ್ನ, ದಾರಿಯ ಕಲ್ಲೂ ತಾಗದು ಎಂಬುದೇ ಆ ಆಸೆ. ಇದಕ್ಕೆ ಬೇಕಾದ ದಪ್ಪ ಬಿಲ್ಲೆ, ಬೋಲ್ಟು ಮೊದಲಾದುವುಗಳ ಕಟ್ಟಿಗೆ ‘ಲೆವೆಲಿಂಗ್ ಕಿಟ್’ ಎಂದು ಹೆಸರು. ಅಮೆರಿಕದ ಪಿಕಪ್ ಗಾಡಿಗಳ ಒಡೆಯರಲ್ಲಿ ಇದು ಬಹಳ ರೂಢಿಯಲ್ಲಿರುವ ಸಂಗತಿ. ಅದೇ ಬಗೆಯ ಮುಂಭಾಗವುಳ್ಳ ಗಾಡಿಗಳು ನಮ್ಮ ದೇಶಕ್ಕೂ ಬಂದಿರುವುದರಿಂದ ಈ ಬಿಲ್ಲೆಗಳೂ ಇಲ್ಲಿ ಮಾರಾಟಕ್ಕಿವೆ.

ಬಿಲ್ಲೆ ಅಗ್ಗ, ಅದರಿಂದ ಕೆಡಬಹುದಾದ ಆಕ್ಸಲ್ ಶಾಫ್ಟು ದುಬಾರಿ. ಕೊಯ್ಲಿನ ಹಂಗಾಮಿನಲ್ಲಿ, ಹೇರು ತುಂಬಿದ ಗಾಡಿ ಏರಿನ ನಡುವೆ ನಿಂತುಹೋದರೆ ಆಗುವ ನಷ್ಟ ಶಾಫ್ಟಿನ ಬೆಲೆಯಲ್ಲಿ ಮುಗಿಯತಕ್ಕದ್ದಲ್ಲ. ಆದುದರಿಂದ ಎತ್ತರಿಸಿದಾಗ ಗಾಡಿಯ ಅಡಿಯಲ್ಲಿ ಏನಾಗುತ್ತದೆ, ಕೂರಿಸುವಾಗ ಯಾವ ಎಚ್ಚರ ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೂತಿ ತಗ್ಗಿರುವುದು ದೋಷವಲ್ಲ

ಎತ್ತಿನ ಗಾಡಿಯಲ್ಲಿ ಹೇರನ್ನು ಹಿಂದಕ್ಕೆ ಹೆಚ್ಚಾಗಿ ತುಂಬಿದರೆ ಮೂಕಿ ಮೇಲೇಳುತ್ತದೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಪಿಕಪ್ಪಿನಲ್ಲಿಯೂ ಹೇರು ಬೀಳುವುದು ಹಿಂದಿನ ಚಕ್ರಗಳ ಮೇಲೆಯೇ. ಗೊಬ್ಬರದ ಮೂಟೆ ಏರಿದೊಡನೆ ಹಿಂಭಾಗ ತಗ್ಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿ, ಬರಿಗಾಡಿಯ ಹಿಂಭಾಗವನ್ನು ತುಸು ಎತ್ತರವಾಗಿಯೂ ಮುಂಭಾಗವನ್ನು ತುಸು ತಗ್ಗಾಗಿಯೂ ಕಾರ್ಖಾನೆಯವರು ಇಟ್ಟಿರುತ್ತಾರೆ. ಹೇರು ತುಂಬಿದಾಗ ಗಾಡಿ ತಾನಾಗಿ ಸಮಕ್ಕೆ ಬರುತ್ತದೆ.

ಬರಿಗಾಡಿಯನ್ನೇ ಸಮ ಮಾಡಿಸಿದರೆ ಹೇರು ಬಿದ್ದಾಗ ಮೂತಿ ಆಕಾಶ ನೋಡುತ್ತದೆ. ಆಗ ದೀಪಗಳ ಬೆಳಕೂ ಮೇಲೇಳುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3 ಮೀಟರು ಎಂದಿಟ್ಟುಕೊಳ್ಳೋಣ. ಮುಂಭಾಗವನ್ನು 5 ಸೆಂಟಿಮೀಟರು ಎತ್ತಿದರೆ 50 ಮೀಟರು ದೂರದಲ್ಲಿ ದೀಪದ ಬೆಳಕು ಸುಮಾರು 80 ಸೆಂಟಿಮೀಟರು ಮೇಲಕ್ಕೆ ಹೋಗುತ್ತದೆ. ಅದು ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುವ ಎತ್ತರ. ಸದಾ ಹೇರು ಹೊರುವ ಗಾಡಿಗೆ ಈ ಕೆಲಸ ಬೇಕೇ ಎಂಬುದನ್ನು ಮೊದಲು ವಿಚಾರಿಸಬೇಕು.

ಮುಂದಿನ ಅಚ್ಚಿನಲ್ಲಿ ಎರಡು ಬಗೆ

ಮಹೀಂದ್ರದ ಹಳೆಯ ಎಂಎಂ 540ರಂಥ ಜೀಪುಗಳಲ್ಲಿ ಮುಂದಿನ ಅಚ್ಚು ಎತ್ತಿನ ಗಾಡಿಯ ಅಚ್ಚಿನಂತೆ ಒಂದೇ ಅಖಂಡ ತೊಲೆ. ಬಲವನ್ನು ಎರಡು ಚಕ್ರಗಳಿಗೂ ಹಂಚತಕ್ಕ ಹಲ್ಲುಚಕ್ರಗಳ ಗುಂಡು ಪೆಟ್ಟಿಗೆ, ಎಂದರೆ ಡಿಫರೆನ್ಷಿಯಲ್, ಆ ಅಚ್ಚಿನಲ್ಲಿಯೇ ಕೂಡಿಕೊಂಡಿರುತ್ತದೆ. ಚಕ್ರ ಎದ್ದರೆ ಅಚ್ಚೂ ಏಳುತ್ತದೆ, ಇಳಿದರೆ ಅಚ್ಚೂ ಇಳಿಯುತ್ತದೆ.

ಎರಡನೆಯ ಬಗೆಯಲ್ಲಿ ಅಖಂಡ ಅಚ್ಚು ಇರುವುದಿಲ್ಲ. ಡಿಫರೆನ್ಷಿಯಲ್ ಗಾಡಿಯ ಚೌಕಟ್ಟಿಗೆ ಬಿಗಿದಿರುತ್ತದೆ. ಎಡ ಬಲದ ಚಕ್ರಗಳು ಮೇಲೊಂದು ಕೆಳಗೊಂದು ಕಬ್ಬಿಣದ ತೋಳುಗಳ ತುದಿಯಲ್ಲಿ ನಿಂತು, ಒಂದರ ಹಂಗಿಲ್ಲದೆ ಇನ್ನೊಂದು ಏಳುತ್ತ ಬೀಳುತ್ತ ಇರುತ್ತವೆ. ಡಿಫರೆನ್ಷಿಯಲ್ಲಿನಿಂದ ಚಕ್ರಕ್ಕೆ ಬಲ ಒಯ್ಯಲು ಪ್ರತಿ ಕಡೆಗೂ ಒಂದು ಗಿಡ್ಡ ಶಾಫ್ಟು ಇರುತ್ತದೆ. ಅದರ ಎರಡು ತುದಿಗಳಲ್ಲಿ ಬಾಗತಕ್ಕ ಕೀಲುಗಳು. ಇವನ್ನೇ ಗ್ಯಾರೇಜಿನವರು ಸಿ.ವಿ. ಜಾಯಿಂಟು ಎನ್ನುವುದು. ಇಸುಜು ವಿ-ಕ್ರಾಸ್, 2020ರಲ್ಲಿ ಬಂದ ಹೊಸ ಮಹೀಂದ್ರ ಥಾರ್, 2022ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಟೊಯೊಟಾ ಹೈಲಕ್ಸ್ ಮೊದಲಾದುವು ಈ ಬಗೆಯವು.

ಹೊರಗಿನ ಕೀಲು, ಎಂದರೆ ಚಕ್ರದ ಬಳಿಯದು, ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳುಳ್ಳದ್ದು. ಆಲ್ಫ್ರೆಡ್ ರೆಪ್ಪಾ ಎಂಬ ಇಂಜಿನಿಯರು 1920ರ ದಶಕದಲ್ಲಿ ರೂಪಿಸಿದ ಕೀಲು ಇದು. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದೊಡನೆ ತಾನೂ ತಿರುಗಬೇಕಾದುದರಿಂದ ಸುಮಾರು 45 ಡಿಗ್ರಿಯವರೆಗೆ ಬಾಗಬಲ್ಲುದು. ಒಳಗಿನ ಕೀಲಿನಲ್ಲಿ ಮೂರು ಉರುಳೆಗಳು ಒಂದು ಬಟ್ಟಲಿನೊಳಗೆ ಜಾರುತ್ತವೆ. ಚಕ್ರ ಎದ್ದು ಬಿದ್ದಾಗ ಶಾಫ್ಟಿನ ಉದ್ದ ಹೆಚ್ಚು ಕಡಮೆಯಾಗಬೇಕಲ್ಲ, ಅದಕ್ಕಾಗಿ ಈ ಜಾರುವಿಕೆ. ಆದರೆ ಬಾಗುವುದರಲ್ಲಿ ಇದು ಬಡವ; ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿಗೆ ಇದರ ಶಕ್ತಿ ಮುಗಿಯುತ್ತದೆ.

ಎರಡು ಕೀಲುಗಳಲ್ಲಿಯೂ ಗ್ರೀಸ್ ತುಂಬಿ ಮೇಲೆ ಮಡಿಕೆ ಮಡಿಕೆಯಾದ ರಬ್ಬರಿನ ಬೂಟು ತೊಡಿಸಿರುತ್ತಾರೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಈ ಕೀಲುಗಳಿಗೆ ಗ್ರೀಸ್ ಹಾಗೆ. ಬೂಟು ಹರಿದರೆ ಗ್ರೀಸ್ ಹೊರಕ್ಕೆ ಸಿಡಿದು ಮಣ್ಣು ನೀರು ಒಳಕ್ಕೆ ಹೋಗುತ್ತವೆ. ಬಳಿಕ ಕೀಲು ಬಹುಕಾಲ ಬಾಳದು.

ಎತ್ತರಿಸಿದಾಗ ಆಗುವುದೇನು?

ಚಕ್ರ ನೆಲದ ಮೇಲೆಯೇ ಇರುತ್ತದೆ. ಮೇಲೇಳುವುದು ಗಾಡಿಯ ಮೈ. ಮೈಯೊಡನೆ ಅದಕ್ಕೆ ಬಿಗಿದ ಡಿಫರೆನ್ಷಿಯಲ್ಲೂ ಏಳುತ್ತದೆ. ಆಗ ಶಾಫ್ಟು ಹೆಚ್ಚು ಇಳಿಜಾರಾಗಿ ನಿಲ್ಲುತ್ತದೆ. ಎಷ್ಟು ಇಳಿಜಾರು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಶಾಫ್ಟಿನ ಎರಡು ಕೀಲುಗಳ ನಡುವೆ 40 ಸೆಂಟಿಮೀಟರು ಇದೆಯೆಂದೂ, ಗಾಡಿ ಮೊದಲಿನಂತಿದ್ದಾಗ ಹೊರಗಿನ ಕೀಲು ಒಳಗಿನ ಕೀಲಿಗಿಂತ ಮೂರೂವರೆ ಸೆಂಟಿಮೀಟರು ತಗ್ಗಿದೆಯೆಂದೂ ಎಣಿಸೋಣ. ಆಗ ಶಾಫ್ಟಿನ ಇಳಿಜಾರು 5 ಡಿಗ್ರಿ. ಮುಂಭಾಗವನ್ನು 5 ಸೆಂಟಿಮೀಟರು ಎತ್ತಿದರೆ ಅದು 12 ಡಿಗ್ರಿ ದಾಟುತ್ತದೆ. ಇದು ಗಾಡಿ ಸಮ ನೆಲದಲ್ಲಿ ನಿಂತಾಗಿನ ಮಾತು. ಗುಂಡಿ ಬಂದು ಚಕ್ರ ಇನ್ನೂ 9 ಸೆಂಟಿಮೀಟರು ಕೆಳಕ್ಕೆ ಜೋತರೆ ಮೊದಲಿನ ಗಾಡಿಯಲ್ಲಿ 18 ಡಿಗ್ರಿ ಆಗುತ್ತಿದ್ದುದು, ಎತ್ತರಿಸಿದ ಗಾಡಿಯಲ್ಲಿ 26 ಡಿಗ್ರಿಗೆ ಬರುತ್ತದೆ. ಒಳಗಿನ ಕೀಲಿನ ಶಕ್ತಿ 25ರ ಆಸುಪಾಸು ಎಂದೆವಷ್ಟೆ. ಅಲ್ಲಿಗೆ ಕೀಲು ಬಾಗಲಾರದೆ ಕಚ್ಚಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ನಾಲ್ಕು ಚಕ್ರದ ಗೇರು ಹಾಕಿ ಎಕ್ಸಲರೇಟರು ತುಳಿದರೆ ಮುರಿಯದೆ ಉಳಿದದ್ದು ಪುಣ್ಯ.

ಮುರಿಯುವುದು ಒಂದು ದಿನದ ಅಪಾಯ. ನಿತ್ಯದ ಸವೆತ ಬೇರೆಯೇ ಇದೆ. ಕೀಲು ಹೆಚ್ಚು ಬಾಗಿಕೊಂಡೇ ತಿರುಗಿದಷ್ಟೂ ಒಳಗಿನ ಗುಂಡುಗಳು ಹೆಚ್ಚು ಉಜ್ಜಿ ಕಾವೇರುತ್ತವೆ, ಗ್ರೀಸ್ ತೆಳ್ಳಗಾಗುತ್ತದೆ. ಬೂಟಿನ ಒಂದು ಬದಿಯ ಮಡಿಕೆಗಳು ಒಂದಕ್ಕೊಂದು ತಾಗಿ ಉಜ್ಜಿ ಹರಿಯುತ್ತವೆ. ಹಲವು ಗಾಡಿಗಳಲ್ಲಿ ನಾಲ್ಕು ಚಕ್ರದ ಗೇರು ಹಾಕದಿದ್ದಾಗಲೂ ಈ ಶಾಫ್ಟು ಚಕ್ರದೊಡನೆ ಸುತ್ತುತ್ತಲೇ ಇರುತ್ತದೆ. ಆದುದರಿಂದ ‘ನಾವು ಆ ಗೇರು ಹಾಕುವುದೇ ಅಪರೂಪ’ ಎಂದು ನಿಶ್ಚಿಂತರಾಗಿರುವಂತಿಲ್ಲ.

ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲವುಳ್ಳ ಪಿಕಪ್ಪುಗಳಿಗೆ ಮುಂದೆ ಈ ಶಾಫ್ಟೇ ಇಲ್ಲ. ಅಷ್ಟರ ಮಟ್ಟಿಗೆ ಚಿಂತೆ ಕಡಮೆ. ಆದರೂ ಬಾಲ್ ಜಾಯಿಂಟು, ಟೈ ರಾಡು, ಬ್ರೇಕಿನ ರಬ್ಬರ್ ಕೊಳವೆಗಳ ಮೇಲೆ ಎಳೆತ ಬೀಳುವುದು ತಪ್ಪದು.

ಅಖಂಡ ಅಚ್ಚಿನ ಜೀಪಿನಲ್ಲಿ ಕತೆ ಬೇರೆ. ಕಮಾನು ಪಟ್ಟಿಗಳ ತುದಿಯ ಶ್ಯಾಕಲನ್ನು ಉದ್ದ ಮಾಡಿಸಿ ಎತ್ತರಿಸಿದರೆ ಅಚ್ಚು ತುಸು ಹೊರಳುತ್ತದೆ. ಅದರಿಂದ ಸ್ಟಿಯರಿಂಗು ನೆಟ್ಟಗೆ ನಿಲ್ಲುವ ಗುಣ ಕೆಟ್ಟು ಗಾಡಿ ಅತ್ತಿತ್ತ ಅಲೆಯಬಹುದು. ಅಚ್ಚಿಗೆ ಬಲ ತರುವ ಉದ್ದ ಶಾಫ್ಟಿನ ಕ್ರಾಸುಗಳಿಗೂ ಬಾಗು ಹೆಚ್ಚುತ್ತದೆ. ಇಷ್ಟಾಗಿಯೂ ಡಿಫರೆನ್ಷಿಯಲ್ ನೆಲದಿಂದ ಒಂದು ಬೆರಳೂ ಮೇಲೇಳುವುದಿಲ್ಲ, ಏಕೆಂದರೆ ಅದು ಇರುವುದು ಅಚ್ಚಿನಲ್ಲಿ. ಅಖಂಡ ಅಚ್ಚನ್ನು ನೆಲದಿಂದ ಎತ್ತುವುದು ದೊಡ್ಡ ಟೈರು ಮಾತ್ರ.

ಬಿಲ್ಲೆ ಕೂರುವ ಸ್ಥಳ

ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಕೂತಿರುವ ಗಾಡಿಗಳಲ್ಲಿ ಬಿಲ್ಲೆಯನ್ನು ಎರಡು ರೀತಿ ಹಾಕುತ್ತಾರೆ. ಒಂದು, ಇಡೀ ಶಾಕಿನ ನೆತ್ತಿಯ ಮೇಲೆ. ಇದು ಸುಲಭ, ಸ್ಪ್ರಿಂಗನ್ನು ಬಿಚ್ಚಬೇಕಾದುದಿಲ್ಲ. ಆದರೆ ಶಾಕು ಬಿಲ್ಲೆಯಷ್ಟು ಕೆಳಕ್ಕೆ ಬಂದುದರಿಂದ ಚಕ್ರವೂ ಮೊದಲಿಗಿಂತ ಹೆಚ್ಚು ಕೆಳಕ್ಕೆ ಜೋಲುತ್ತದೆ. ಮೇಲೆ ಹೇಳಿದ 26 ಡಿಗ್ರಿಯ ಅಪಾಯ ಈ ರೀತಿಯದು. ಇನ್ನೊಂದು, ಶಾಕಿನೊಳಗೆ ಸ್ಪ್ರಿಂಗಿನ ತುದಿಗೆ. ಇದರಲ್ಲಿ ಶಾಕಿನ ಪೂರ್ಣ ಉದ್ದ ಬದಲಾಗದು. ಆದುದರಿಂದ ಚಕ್ರ ಮೊದಲು ಎಷ್ಟು ಜೋಲುತ್ತಿತ್ತೋ ಅಷ್ಟೇ ಜೋಲುತ್ತದೆ, ಶಾಫ್ಟು 18 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಆದರೆ ನಮ್ಮ ಉದಾಹರಣೆಯ 9 ಸೆಂಟಿಮೀಟರು ಜೋಲು 4ಕ್ಕೆ ಇಳಿದು, ಗುಂಡಿಗೆ ಬಿದ್ದಾಗಲೆಲ್ಲ ಶಾಕು ಕೊನೆ ಮುಟ್ಟಿ ‘ಧಡ್’ ಎನ್ನುತ್ತದೆ. ಟಾರ್ಷನ್ ಬಾರ್ ಎಂಬ ತಿರುಚು ಸರಳಿನ ಮೇಲೆ ನಿಲ್ಲುವ ಗಾಡಿಗಳಲ್ಲಿ ಬಿಲ್ಲೆ ಬೇಡ, ಬೋಲ್ಟು ಬಿಗಿದರೆ ಮೂತಿ ಏಳುತ್ತದೆ; ಅಲ್ಲಿಯೂ ಇದೇ ಫಲ.

ಇನ್ನೊಂದು ಲೆಕ್ಕವನ್ನು ಮರೆಯಬಾರದು. ಶಾಕಿನ ಬುಡ ಚಕ್ರದ ಹತ್ತಿರ ಇರದೆ ತೋಳಿನ ನಡುಮಧ್ಯದ ಸುಮಾರಿಗೆ ಇರುತ್ತದೆ. ಏತದ ಮರದಂತೆ, ನಡುವೆ ಒಂದು ಗೇಣು ಆಡಿದರೆ ತುದಿ ಎರಡು ಗೇಣು ಆಡುತ್ತದೆ. ಆದುದರಿಂದ ನೆತ್ತಿಯ ಮೇಲೆ ಎರಡೂವರೆ ಸೆಂಟಿಮೀಟರು ದಪ್ಪದ ಬಿಲ್ಲೆ ಹಾಕಿದರೆ ಮೂತಿ ಏಳುವುದು 5 ಸೆಂಟಿಮೀಟರಿನ ಹತ್ತಿರ. ‘5 ಸೆಂಟಿಮೀಟರು ಬೇಕು’ ಎಂದು ಅಷ್ಟೇ ದಪ್ಪದ ಬಿಲ್ಲೆ ತಂದು ಹಾಕಿದವನ ಗಾಡಿ 10 ಸೆಂಟಿಮೀಟರು ಎದ್ದು ಶಾಫ್ಟು ಹಾಳಾಗುತ್ತದೆ. ಕೊಳ್ಳುವಾಗ ಬಿಲ್ಲೆಯ ದಪ್ಪ ಎಷ್ಟು, ಗಾಡಿ ಏಳುವುದು ಎಷ್ಟು ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿಯಬೇಕು.

ಡಿಫರೆನ್ಷಿಯಲ್ಲನ್ನು ತುಸು ಕೆಳಗಿಳಿಸುವ ಬಿಲ್ಲೆಗಳೂ ಉಂಟು. ಅವುಗಳಿಂದ ಶಾಫ್ಟಿನ ಇಳಿಜಾರು ಕೆಲಮಟ್ಟಿಗೆ ತಗ್ಗುತ್ತದೆ. ಆದರೆ ಕಲ್ಲು ತಾಗಬಾರದೆಂದು ಗಾಡಿ ಎತ್ತಿದವರು ಅದರ ಹೊಟ್ಟೆಯನ್ನೇ ಕೆಳಗಿಳಿಸಿದಂತಾಯಿತು.

ಕೂರಿಸುವಾಗ ವಹಿಸಬೇಕಾದ ಎಚ್ಚರ

ಎಷ್ಟೋ ಶಾಫ್ಟುಗಳು ದಾರಿಯಲ್ಲಿ ಕೆಡುವುದಕ್ಕೆ ಮೊದಲು ಗ್ಯಾರೇಜಿನಲ್ಲಿಯೇ ಕೆಟ್ಟಿರುತ್ತವೆ. ಕೆಲಸ ಮಾಡುವವರು ಮೆಕ್ಯಾನಿಕರೇ ಆದರೂ ಗಾಡಿಯ ಒಡೆಯನು ಹತ್ತಿರ ನಿಂತು ಈ ಕೆಳಗಿನ ಸಂಗತಿಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

1. ಸಮವಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕು ಕಡೆಯೂ ಅಳೆದು ಬರೆದಿಡಬೇಕು. ಎಡ ಬಲದಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಅದು ದಣಿದ ಸ್ಪ್ರಿಂಗಿನ ಗುರುತು. ಬಿಲ್ಲೆ ಅದಕ್ಕೆ ಮದ್ದಲ್ಲ.

2. ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚೌಕಟ್ಟಿನ ಎರಡು ಬದಿಗೂ ಗಟ್ಟಿ ಸ್ಟ್ಯಾಂಡು ಇಟ್ಟೇ ಕೆಲಸಕ್ಕೆ ತೊಡಗಬೇಕು. ಬರಿ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಡಿಫರೆನ್ಷಿಯಲ್ಲಿಗಾಗಲಿ ಶಾಫ್ಟಿಗಾಗಲಿ ಜಾಕು ಕೊಡಬಾರದು.

3. ಬ್ರೇಕಿನ ಕೊಳವೆ ಮತ್ತು ಚಕ್ರದ ವೇಗ ಅಳೆಯುವ ತಂತಿ ಇವುಗಳ ಹಿಡಿಕೆಗಳನ್ನು ಮೊದಲು ಬಿಚ್ಚಬೇಕು. ಎರಡು ಚಕ್ರಗಳನ್ನು ಕೂಡಿಸುವ ಅಡ್ಡ ಸರಳಿನ ಕೊಂಡಿಗಳನ್ನು ಎರಡು ಕಡೆಯೂ ಕಳಚಬೇಕು. ಒಂದೇ ಕಡೆ ಕಳಚಿದರೆ ಇನ್ನೊಂದು ಕಡೆಯ ಎಳೆತ ಕೆಲಸಕ್ಕೆ ಅಡ್ಡ ಬರುತ್ತದೆ.

4. ಮೇಲಿನ ತೋಳಿನ ಬಾಲ್ ಜಾಯಿಂಟು ಬಿಡಿಸುವ ಮುನ್ನ ಕೆಳತೋಳಿಗೆ ಜಾಕಿನ ಆಸರೆ ಕೊಟ್ಟು, ಚಕ್ರದ ಗುಂಬವನ್ನು ಗಟ್ಟಿ ತಂತಿಯಿಂದ ಚೌಕಟ್ಟಿಗೆ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಕಟ್ಟದಿದ್ದರೆ ಬಿಡಿಸಿದ ಗುಂಬ ಹೊರಕ್ಕೆ ವಾಲಿ ಶಾಫ್ಟನ್ನು ಎಳೆಯುತ್ತದೆ. ಒಳಗಿನ ಕೀಲಿನ ಮೂರು ಉರುಳೆಗಳು ಬಟ್ಟಲಿನಿಂದ ಆಚೆ ಬರುತ್ತವೆ. ಮೇಲೆ ಬೂಟು ಮುಚ್ಚಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ತಿಳಿಯದೆ ಒತ್ತಿ ಒಳಕ್ಕೆ ನೂಕಿದರೆ ಉರುಳೆಯೋ ಬಟ್ಟಲೋ ಕೆಡುತ್ತದೆ. ಹಾಗೇನಾದರೂ ಆದ ಅನುಮಾನ ಬಂದರೆ ಬೂಟು ಬಿಚ್ಚಿ ನೋಡಿ, ಉರುಳೆಗಳನ್ನು ಸರಿಯಾಗಿ ಕೂರಿಸಿ, ಹೊಸ ಗ್ರೀಸ್ ತುಂಬಿ ಹೊಸ ಪಟ್ಟಿ ಬಿಗಿಯಬೇಕು.

5. ಶಾಫ್ಟಿನ ತುದಿಗೆ ಸುತ್ತಿಗೆ ಪೆಟ್ಟು ಕೂಡದು. ಬೂಟಿಗೆ ಹಾರೆ ಒತ್ತು ಕೊಟ್ಟು ಮೀಟಬಾರದು. ಗುಂಬದ ನಡುವಿನ ದೊಡ್ಡ ನಟ್ಟು ಸಡಿಲವಾಗಿರುವಾಗ ಗಾಡಿಯ ಭಾರವನ್ನು ಚಕ್ರದ ಮೇಲೆ ಬಿಡಬಾರದು. ಬಿಟ್ಟರೆ ಬೇರಿಂಗು ಹಾಳು.

6. ಸ್ಪ್ರಿಂಗನ್ನೇ ಬಿಚ್ಚಬೇಕಾದ ಬಿಲ್ಲೆಯಾದರೆ ಅದನ್ನು ಒತ್ತಿ ಹಿಡಿಯತಕ್ಕ ಸಾಧನವಿರುವ ಗ್ಯಾರೇಜಿಗೇ ಹೋಗಬೇಕು. ಒತ್ತಿದ ಸ್ಪ್ರಿಂಗು ಜಾರಿದರೆ ಪ್ರಾಣಕ್ಕೆ ಅಪಾಯ. ಮನೆಯಂಗಳದಲ್ಲಿ ಇದನ್ನು ಮಾಡಬಾರದು.

7. ಚಕ್ರ ಕೂರಿಸುವ ಮೊದಲು, ಎಲ್ಲವೂ ಜೋತು ನಿಂತಿರುವಾಗಲೇ ಪರೀಕ್ಷೆ ಮಾಡಬೇಕು. ಸ್ಟಿಯರಿಂಗನ್ನು ಎಡಕ್ಕೆ ಕೊನೆಯವರೆಗೂ ಬಲಕ್ಕೆ ಕೊನೆಯವರೆಗೂ ತಿರುಗಿಸಿ, ಎರಡು ಸಲವೂ ಗುಂಬವನ್ನು ಕೈಯಿಂದ ಸುತ್ತಬೇಕು. ಶಾಫ್ಟು ಎಲ್ಲಿಯೂ ಕಚ್ಚಬಾರದು, ಬೂಟು ಯಾವುದಕ್ಕೂ ತಾಗಬಾರದು, ಬ್ರೇಕಿನ ಕೊಳವೆ ಬಿಗಿಯಾಗಬಾರದು, ಮೇಲಿನ ತೋಳು ಸ್ಪ್ರಿಂಗಿಗೆ ತಗುಲಬಾರದು. ಇವುಗಳಲ್ಲಿ ಒಂದಾದರೂ ಕಂಡರೆ ಬಿಲ್ಲೆ ಹೆಚ್ಚು ದಪ್ಪವಾಯಿತೆಂದೇ ಅರ್ಥ. ತೆಗೆದು ತೆಳ್ಳನೆಯದನ್ನು ಹಾಕಬೇಕು.

ಗಾಡಿ ನೆಲಕ್ಕಿಳಿದ ಮೇಲೆ

ತೋಳುಗಳ ಬುಡದ ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಗಾಡಿ ನೆಲಕ್ಕೆ ಇಳಿದು ತನ್ನ ಎತ್ತರದಲ್ಲಿ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ಜೋತಿರುವಾಗಲೇ ಬಿಗಿದರೆ ಬುಶ್ಶು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬಿಗಿತದ ಪ್ರಮಾಣವನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆ ಟಾರ್ಕ್ ಸ್ಪ್ಯಾನರಿನಿಂದ ನೋಡಬೇಕು. ಎತ್ತರ ಬದಲಾದೊಡನೆ ಚಕ್ರಗಳ ಓಲು ಬದಲಾಗುವುದರಿಂದ ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಇಲ್ಲವಾದರೆ ಟೈರಿನ ಒಂದು ಅಂಚು ಮಾತ್ರ ಸವೆಯುತ್ತದೆ. ದೀಪಗಳನ್ನು ಕೆಳಕ್ಕೆ ತಿರುಗಿಸಬೇಕು. 100 ಕಿಲೋಮೀಟರು ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು.

ಆಮೇಲೆಯೂ ತಿಂಗಳಿಗೊಮ್ಮೆ ಕೆಳಗೆ ಬಗ್ಗಿ ನೋಡುವ ಅಭ್ಯಾಸವಿರಲಿ. ಚಕ್ರದ ಒಳಬದಿಯಲ್ಲಿ ಗ್ರೀಸ್ ಸಿಡಿದ ಗುರುತು ಕಂಡರೆ ಬೂಟು ಹರಿದಿದೆ. ಕೂಡಲೆ ಬದಲಿಸಿದರೆ ಕೀಲು ಉಳಿದೀತು. ಪೂರ್ತಿ ತಿರುವಿನಲ್ಲಿ ‘ಟಕ್ ಟಕ್’ ಸದ್ದು ಬಂದರೆ ಹೊರಗಿನ ಕೀಲು ಸವೆದಿದೆ. ಏರಿನಲ್ಲಿ ಎಳೆಯುವಾಗ ಗಾಡಿ ಅದುರಿ, ಎಕ್ಸಲರೇಟರು ಬಿಟ್ಟೊಡನೆ ನಿಂತರೆ ಒಳಗಿನ ಕೀಲಿನ ಮೇಲೆ ಅನುಮಾನ ಪಡಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಕಾರ್ಖಾನೆಯವರು ಗೊತ್ತುಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವ ಹಾಗಿಲ್ಲ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರೂ ತಕರಾರು ತೆಗೆಯಬಹುದು. ಗಡಿ ದಾಟಿ ಎರಡು ಮೂರು ರಾಜ್ಯಗಳ ರಸ್ತೆಗಳಲ್ಲಿ ಓಡಾಡುವ ನಮ್ಮವರು ತಮ್ಮ ವಾಹನ ನೋಂದಣಿಯಾದ ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಎತ್ತರಿಸದೆಯೂ ಆಗುವ ಕೆಲಸ

ನಮ್ಮ ಸಲಹೆ ಇಷ್ಟು. ಮೂತಿ ಮೊದಲಿಗಿಂತ ತಗ್ಗಿದೆಯೆಂದಾದರೆ ದಣಿದ ಸ್ಪ್ರಿಂಗನ್ನು ಬದಲಿಸಿ ಕಾರ್ಖಾನೆಯ ಎತ್ತರಕ್ಕೆ ತರಿಸಿರಿ. ಅದರಿಂದ ಶಾಫ್ಟಿಗೂ ಕಾನೂನಿಗೂ ತೊಂದರೆಯಿಲ್ಲ. ಕಲ್ಲು ತಾಗುತ್ತದೆಂದಾದರೆ ಡಿಫರೆನ್ಷಿಯಲ್ಲಿನ ಕೆಳಗಿನ ರಕ್ಷಣೆಯ ತಗಡು ಗಟ್ಟಿಯಾಗಿದೆಯೇ ನೋಡಿ, ಟೈರಿನ ಗಾಳಿಯನ್ನು ಹೇರಿಗೆ ತಕ್ಕಂತೆ ಇಡಿರಿ. ತೋಟದ ದಾರಿಯ ನಾಲ್ಕು ಗುಂಡಿಗಳಿಗೆ ಕಲ್ಲು ಜಲ್ಲಿ ತುಂಬಿಸಿದ ಹಣ ಬಿಲ್ಲೆಗೆ ಹಾಕಿದ ಹಣಕ್ಕಿಂತ ಹೆಚ್ಚು ದಿನ ಕೆಲಸಕ್ಕೆ ಬರುತ್ತದೆ. ಅದರ ಫಲ ನೆರೆಯವರ ಗಾಡಿಗೂ ಸಿಗುತ್ತದೆ.

ಕಚೇರಿಯ ಒಪ್ಪಿಗೆಯಿದ್ದು, ಎತ್ತರಿಸಲೇಬೇಕೆಂದು ನಿಶ್ಚಯಿಸಿದವರು ಮೂತಿಯ ಏರಿಕೆ ಎರಡೂವರೆಯಿಂದ ಮೂರು ಸೆಂಟಿಮೀಟರು ಮೀರದಂತೆ ನೋಡಿಕೊಳ್ಳಲಿ. ಗುಂಬವನ್ನು ಕಟ್ಟದೆ ಬಾಲ್ ಜಾಯಿಂಟು ಬಿಚ್ಚಲು ಬಿಡದಿರಲಿ. ಜೋತಾಗಿನ ಪರೀಕ್ಷೆ ಮುಗಿಯದೆ ಗಾಡಿಯನ್ನು ನೆಲಕ್ಕೆ ಇಳಿಸದಿರಲಿ. ಈ ಮೂರನ್ನು ನೆನಪಿಟ್ಟವರ ಆಕ್ಸಲ್ಲು ಬಾಳಿಕೆ ಬರುತ್ತದೆ.